ಕಂತು ಅಷ್ಟೇ, ವರ್ಷ ಜಾಸ್ತಿ: ಒಂದು ಮನೆಯ ಮೂರು ಸಾಲಗಳ ಕಥೆ

ಹಿಂದೆ ಕುಕ್ಕರ್ ವಿಷಲ್ ಕೇಳಿಸಿದ್ರೆ ಕ್ಷಮಿಸಿ. ಈ ಸಲ ತುಮಕೂರಿನ ನಮ್ಮ ಮನೆಯಿಂದಲೇ ರೆಕಾರ್ಡ್ ಮಾಡ್ತಾ ಇದೀನಿ. ಎಪಿಸೋಡ್ ಇರೋದೇ ಈ ಮನೆ ಬಗ್ಗೆ, ಸರಿಯಾಗಿ ಹೇಳಬೇಕಂದ್ರೆ ಈ ಮನೆ ಮೇಲಿದ್ದ ಸಾಲದ ಬಗ್ಗೆ. ಹಾಗಾಗಿ ಅಮ್ಮನ ಅಡುಗೆಮನೆ ಸದ್ದೂ ಇರಲಿ ಬಿಡಿ.

ಶುರುವಾಗಿದ್ದು ಅಕ್ಕನ ಒಂದು ಫೋನಿಂದ. 2025ರ ಡಿಸೆಂಬರ್ 5, ಶುಕ್ರವಾರ. ಅವತ್ತು ಬೆಳಗ್ಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನ ಶೇ 5.50ರಿಂದ 5.25ಕ್ಕೆ ಇಳಿಸಿತ್ತು. ಆ ವರ್ಷದ ಲೆಕ್ಕದಲ್ಲಿ ಅದು ನಾಲ್ಕನೇ ಇಳಿಕೆ. ಟಿವಿ ತುಂಬಾ ‘ಮನೆ ಸಾಲಗಾರರಿಗೆ ಸಿಹಿ ಸುದ್ದಿ’. ಸಂಜೆ ಅಕ್ಕ ಫೋನ್ ಮಾಡಿ, “ಎಲ್ಲಿ ಕಣೇ ಸಿಹಿ? ನನ್ನ ಅಕೌಂಟಿಂದ ತಿಂಗಳಾ ತಿಂಗಳಾ ಅದೇ 36 ಸಾವಿರ ಚಿಲ್ಲರೆ ಹೋಗ್ತಿದೆ” ಅಂದ್ಲು. ಆಮೇಲೆ ಅವಳ ಪಟ್ಟಿ ಶುರುವಾಯ್ತು. ಜನವರಿಯಲ್ಲಿ ಬಸ್ ದರ ಶೇ 15 ಜಾಸ್ತಿ. ಫೆಬ್ರವರಿಯಲ್ಲಿ ಮೆಟ್ರೊ, 60 ಇದ್ದ ಗರಿಷ್ಠ ಟಿಕೆಟ್ 90 ರೂಪಾಯಿ. ಏಪ್ರಿಲ್ 1ಕ್ಕೆ ಹಾಲು ಲೀಟರಿಗೆ 4 ರೂಪಾಯಿ. ಮಗು ಸ್ಕೂಲ್ ಫೀಸ್ ಬಗ್ಗೆ ಅವಳು ಬಾಯಿ ಬಿಡಲೇ ಇಲ್ಲ, ನಿಟ್ಟುಸಿರು ಬಿಟ್ಲು ಅಷ್ಟೆ. “ನೀನು ಬಿಕಾಂ ಓದಿದೀಯಲ್ಲ, ಹೇಳು, ಬಡ್ಡಿ ಏರಿದಾಗ ನನ್ನ ಕಂತು ಏರ್ತು. ಇಳಿದಾಗ ಯಾಕೆ ಇಳಿಯಲ್ಲ?”

ನನಗೆ ತಕ್ಷಣ ಉತ್ತರ ಕೊಡೋಕೆ ಬರುತ್ತಿತ್ತು. ಆದ್ರೆ ಫೋನ್ ಇಟ್ಟ ಮೇಲೆ ಅನ್ನಿಸಿತು, ಈ ಪ್ರಶ್ನೆ ನಮ್ಮನೆಯಲ್ಲಿ ಮೊದಲೂ ಒಂದು ಸಲ ಬಂದಿತ್ತಲ್ಲ ಅಂತ. ಆ ವಾರಾಂತ್ಯ ಬಂದು ಅಪ್ಪನ ಕಬ್ಬಿಣದ ಟ್ರಂಕ್ ತೆಗೆದೆ. ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿದ್ದವರು, ಬಸ್ ಟಿಕೆಟ್ ಬಿಟ್ಟು ಬೇರೆ ಯಾವ ಕಾಗದವನ್ನೂ ಬಿಸಾಕಿದವರಲ್ಲ. ಟ್ರಂಕ್ ಒಳಗೆ ಎರಡು ಸಾಲದ ಕಡತ ಸಿಕ್ಕವು. ಒಂದು ತಾತಂದು, 1982ರದ್ದು. ಇನ್ನೊಂದು ಅಪ್ಪಂದು, 2005ರದ್ದು. ಅಕ್ಕನ 2021ರ ಸಾಲ ಸೇರಿಸಿದರೆ ಮೂರು ತಲೆಮಾರು. ಮೂರನ್ನೂ ಪಕ್ಕ ಪಕ್ಕ ಇಟ್ಟು ನೋಡಿದಾಗ ನನಗೆ ಕಂಡಿದ್ದನ್ನ ಇವತ್ತು ಹೇಳ್ತೀನಿ.

ತಾತನಿಂದ ಶುರು ಮಾಡೋಣ. ಅಂಚೆ ಇಲಾಖೆಯಲ್ಲಿ ಗುಮಾಸ್ತರು. ಕೇಂದ್ರ ಸರ್ಕಾರದ ನೌಕರರಿಗೆ ಮನೆ ಕಟ್ಟೋಕೆ ಮುಂಗಡ ಕೊಡುವ ಪದ್ಧತಿ ಇತ್ತು, ಈಗಲೂ ಇದೆ. ತಾತ ತಗೊಂಡಿದ್ದು 36 ಸಾವಿರ. ತಿಂಗಳಿಗೆ 200 ರೂಪಾಯಿ ಸಂಬಳದಲ್ಲೇ ಕಡಿತ, 180 ಕಂತು. ಈ ಸಾಲದ ಒಂದು ವಿಚಿತ್ರ ಕೇಳಿ: ಮೊದಲು ಅಸಲು ಪೂರ್ತಿ ತೀರಬೇಕು, ಬಡ್ಡಿ ಆಮೇಲೆ. ಬಡ್ಡಿ ಕೂಡ ಸರಳ ಬಡ್ಡಿ, ಬಡ್ಡಿ ಮೇಲೆ ಬಡ್ಡಿ ಬೀಳಲ್ಲ. ಈಗಿನ ಬ್ಯಾಂಕ್ ಸಾಲದಲ್ಲಿ ಮೊದಲ ವರ್ಷಗಳ ಕಂತಿನ ಬಹುಪಾಲು ಬಡ್ಡಿಗೇ ಹೋಗುತ್ತಲ್ಲ, ಅದರ ಪೂರ್ತಿ ಉಲ್ಟಾ.

1982ರಲ್ಲಿ 200 ರೂಪಾಯಿ ಸಣ್ಣ ದುಡ್ಡಲ್ಲ. ಅಜ್ಜಿ ಈಗಲೂ ಹೇಳ್ತಾರೆ, ಮೊದಲ ಎರಡು ವರ್ಷ ಮನೆಯಲ್ಲಿ ಕಾಫಿ ಒಂದೇ ಹೊತ್ತು, ಹಬ್ಬಕ್ಕೆ ಬಟ್ಟೆ ಮಕ್ಕಳಿಗೆ ಮಾತ್ರ. ಆದರೆ ಆಮೇಲೇನಾಯ್ತು? ಬೆಲೆ ಏರಿತು. ವರ್ಷ ವರ್ಷ ಏರಿತು. ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ ಅಂತ ಒಂದಿದೆ, 1982ನ್ನ 100 ಅಂತ ಇಟ್ಟುಕೊಂಡು ಲೆಕ್ಕ ಹಾಕ್ತಿದ್ದರು. 1996-97ರ ಸರಾಸರಿಗೆ ಅದು 342 ಮುಟ್ಟಿತು. ಅಂದ್ರೆ 100 ರೂಪಾಯಿಗೆ ಬರ್ತಿದ್ದ ದಿನಸಿಗೆ 342. ಜನ ಬೈದುಕೊಂಡೇ ಬದುಕಿದರು. 1991ರಲ್ಲಂತೂ ಕೇಳೋದೇ ಬೇಡ, ದೇಶದ ಬೊಕ್ಕಸದಲ್ಲಿ ಡಾಲರ್ ಖಾಲಿ, ಚಿನ್ನ ಅಡ ಇಟ್ಟ ವರ್ಷ ಅದು. ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರ ಅಕ್ಟೋಬರ್ ಹೊತ್ತಿಗೆ ಶೇ 12ಕ್ಕೆ ಹೋಯ್ತು.

ತಾತನ ಕಂತು? 200 ರೂಪಾಯಿ. 1991ರಲ್ಲೂ 200, 1996ರಲ್ಲೂ 200.

ಇದೇ ಸೂಚ್ಯಂಕದ ಬಾಲ ಹಿಡಿದು ತಾತನ ತುಟ್ಟಿಭತ್ಯೆ ಏರುತ್ತಾ ಹೋಯಿತು. ಮಧ್ಯೆ ನಾಲ್ಕನೇ ವೇತನ ಆಯೋಗ, ಕೊನೆಗೆ ಐದನೇದು. ಸಂಬಳ ಬೆಳೀತು, ಕಂತು ನಿಂತಲ್ಲೇ ನಿಂತಿತು. 1982ರ ಬೆಲೆಯಲ್ಲಿ ಲೆಕ್ಕ ಹಾಕಿದರೆ ಕೊನೇ ಕಂತಿನ ಆ 200 ರೂಪಾಯಿ ಬರೀ 58 ರೂಪಾಯಿ. ಬೆಲೆ ಏರಿಕೆ ತಾತನ ಅಡುಗೆಮನೆಯನ್ನ ಕಚ್ಚಿತು, ನಿಜ. ಆದರೆ ಅದೇ ಬೆಲೆ ಏರಿಕೆ ತಾತನ ಸಾಲವನ್ನೂ ಕಚ್ಚಿ ಕಚ್ಚಿ ಸಣ್ಣದು ಮಾಡಿತು. ಒಂದು ಕೈಯಲ್ಲಿ ಕಿತ್ತುಕೊಂಡು ಇನ್ನೊಂದು ಕೈಯಲ್ಲಿ ಕೊಟ್ಟ ಹಾಗೆ. ನಷ್ಟ ಯಾರಿಗೆ ಅಂದ್ರೆ ಸಾಲ ಕೊಟ್ಟವರಿಗೆ, ಇಲ್ಲಿ ಸರ್ಕಾರಕ್ಕೆ.

ಇದೇ ನನಗೆ ಟ್ರಂಕ್‌ನಲ್ಲಿ ಸಿಕ್ಕ ಮೊದಲ ಪಾಠ. ಕಾಲೇಜಲ್ಲಿ ಇನ್‌ಫ್ಲೇಷನ್ ಬಗ್ಗೆ ಹತ್ತು ಮಾರ್ಕಿನ ಉತ್ತರ ಬರೆದಿದ್ದೆ, ‘ಸಾಲಗಾರರಿಗೆ ಲಾಭ’ ಅಂತ ಒಂದು ಪಾಯಿಂಟ್ ಹಾಕಿದ್ದೆ. ಅದರ ಅರ್ಥ ಆಗಿದ್ದು ತಾತನ ಸಂಬಳ ಚೀಟಿ ನೋಡಿದಾಗ.

ಹಾಗಂತ ಆ ಕಾಲವನ್ನ ಸ್ವರ್ಗ ಅಂತ ತಿಳ್ಕೋಬೇಡಿ. ತಾತನಿಗೆ ಸಿಕ್ಕಿದ್ದು ಸರ್ಕಾರಿ ಕೆಲಸ ಇದ್ದಿದ್ದಕ್ಕೆ. ಪಕ್ಕದ ಮನೆಯ ಅಂಗಡಿಯವರಿಗೆ ಯಾರು ಕೊಡ್ತಿದ್ರು? ಚಿನ್ನ ಮಾರಬೇಕು, ಹಳ್ಳಿ ಜಮೀನು ಭೋಗ್ಯಕ್ಕೆ ಹಾಕಬೇಕು, ಇಲ್ಲಾ ಲೇವಾದೇವಿಯವರ ಹತ್ತಿರ ಹೋಗಬೇಕು. ಭೋಗ್ಯ ಗೊತ್ತಲ್ಲ, ದುಡ್ಡು ಕೊಟ್ಟವನು ಅಸಲು ತೀರೋವರೆಗೂ ನಿಮ್ಮ ಜಮೀನಿನ ಬೆಳೆ ಉಣ್ತಾನೆ, ಅದೇ ಬಡ್ಡಿ. ಬೆಂಗಳೂರಲ್ಲಿ ಈಗಲೂ ‘ಲೀಸ್‌ಗೆ ಮನೆ’ ಅಂತ ಬೋರ್ಡ್ ನೋಡ್ತೀರಲ್ಲ, ಲಕ್ಷಾಂತರ ಕೊಟ್ಟು ಬಾಡಿಗೆ ಇಲ್ಲದೆ ಇರೋದು, ಅದು ಇದೇ ಭೋಗ್ಯದ ನಗರದ ಮೊಮ್ಮಗು.

ಮಾಮೂಲಿ ಜನಕ್ಕೆ ಸಂಬಳ ನೋಡಿ ಮನೆ ಸಾಲ ಕೊಡೋದೇ ಒಂದು ವ್ಯಾಪಾರ ಆಗಬಹುದು ಅಂತ ನಂಬಿದವರು ಎಚ್.ಟಿ. ಪಾರೇಖ್. ಐಸಿಐಸಿಐಯಿಂದ ನಿವೃತ್ತರಾದ ಮೇಲೆ, ಅರವತ್ತು ದಾಟಿದ ವಯಸ್ಸಿನಲ್ಲಿ, 1977ರಲ್ಲಿ ಎಚ್‌ಡಿಎಫ್‌ಸಿ ಶುರು ಮಾಡಿದರು. 1988ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕ್ ಬಂತು, 1989ರಲ್ಲಿ ಎಲ್‌ಐಸಿಯ ಹೌಸಿಂಗ್ ಫೈನಾನ್ಸ್. ಇಷ್ಟೆಲ್ಲ ಬಂದರೂ 1990ರ ದಶಕದ ನಡುವೆ ಬಡ್ಡಿ ಶೇ 15ರ ಆಸುಪಾಸು ಇತ್ತು, ದುಬಾರಿ. ಆದರೆ ಸಾಮಾನ್ಯವಾಗಿ ನಿಗದಿ ಬಡ್ಡಿ. ಸಹಿ ಹಾಕಿದ ದಿನ ಎಷ್ಟೋ ಕೊನೇ ದಿನವೂ ಅಷ್ಟೇ.

2000ದ ಸುಮಾರಿಗೆ ಎರಡು ಸಂಗತಿ ಒಟ್ಟಿಗೆ ಆದವು. ದೊಡ್ಡ ಬ್ಯಾಂಕುಗಳು ಮನೆ ಸಾಲಕ್ಕೆ ಇಳಿದವು. ಬಡ್ಡಿ ಇಳಿಯೋಕೆ ಶುರುವಾಯ್ತು. 2001ರ ಬಜೆಟ್‌ನಲ್ಲಿ ಮನೆ ಸಾಲದ ಬಡ್ಡಿಗೆ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ತೆರಿಗೆ ವಿನಾಯಿತಿ ಕೊಟ್ಟರು. ಶೇ 15 ಇದ್ದಿದ್ದು 2003-04ರ ಹೊತ್ತಿಗೆ ಏಳು-ಎಂಟಕ್ಕೆ ಬಂದಿತ್ತು. ಇಂಥ ಸಮಯದಲ್ಲೇ ಬ್ಯಾಂಕುಗಳು ‘ಫ್ಲೋಟಿಂಗ್’ ಅನ್ನೋ ಪದ ಹಿಡ್ಕೊಂಡು ಬಂದವು. ತೇಲುವ ಬಡ್ಡಿ. ಮಾರುಕಟ್ಟೆ ಇಳಿದರೆ ನಿಮ್ಮ ಬಡ್ಡಿಯೂ ಇಳಿಯುತ್ತೆ ಸಾರ್! ನಾಲ್ಕು ವರ್ಷದಿಂದ ಇಳೀತಾನೇ ಇರೋದನ್ನ ನೋಡಿದವರು ಇನ್ನೇನು ಅಂತಾರೆ? ಹೂಂ ಅಂದರು. ನಿಗದಿ ಬಡ್ಡಿ ತಗೊಂಡವನನ್ನ ದಡ್ಡ ಅಂತ ನೋಡುವ ಕಾಲ ಅದು.

ನಮ್ಮಪ್ಪ ಹೂಂ ಅಂದಿದ್ದು 2005ರ ಆಗಸ್ಟ್‌ನಲ್ಲಿ. 30-40 ಸೈಟು, 5 ಲಕ್ಷ ಸಾಲ, 15 ವರ್ಷ, ಶೇ 7.5. ಕಂತು 4,635 ರೂಪಾಯಿ. ಸಾಲದ ಪತ್ರದಲ್ಲಿ ಬಡ್ಡಿ ಹೀಗೆ ಬರೆದಿದೆ: ಬಿಪಿಎಲ್‌ಆರ್‌ಗಿಂತ ಶೇ 2.75 ಕಮ್ಮಿ. ಬಿಪಿಎಲ್‌ಆರ್ ಅಂದ್ರೆ ಬ್ಯಾಂಕು ತನ್ನ ಉತ್ತಮ ಗ್ರಾಹಕನಿಗೆ ಹಾಕುವ ಬಡ್ಡಿ, 2003ರ ಪದ್ಧತಿ. ಅದನ್ನ ಘೋಷಿಸೋದು ಆ ಬ್ಯಾಂಕೇ. ಏರಿಸೋದೂ ಬ್ಯಾಂಕೇ, ಇಳಿಸೋದೂ ಬ್ಯಾಂಕೇ. ಅಪ್ಪ ಗಣಿತದ ಮೇಷ್ಟ್ರು, ಆದರೂ ಆ ಸಾಲನ್ನ ಓದಿ ‘ಕಮ್ಮಿ’ ಅನ್ನೋ ಪದ ನೋಡಿ ಖುಷಿಪಟ್ಟಿದ್ದರಂತೆ.

ಮೂರು ವರ್ಷ ಆರಾಮ. 2008ರಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತು. ಆಗಸ್ಟ್ ಹೊತ್ತಿಗೆ ಸಗಟು ಬೆಲೆ ಏರಿಕೆ ಶೇ 13ರ ಹತ್ತಿರ. ಬೆಲೆ ತಗ್ಗಿಸೋಕೆ ರಿಸರ್ವ್ ಬ್ಯಾಂಕ್ ಹತ್ತಿರ ಇರೋ ಮುಖ್ಯ ಅಸ್ತ್ರ ಬಡ್ಡಿ. ಸಾಲ ದುಬಾರಿ ಆದ್ರೆ ಜನ ಕಮ್ಮಿ ಖರ್ಚು ಮಾಡ್ತಾರೆ, ಬೇಡಿಕೆ ತಗ್ಗುತ್ತೆ, ಬೆಲೆ ಇಳಿಯುತ್ತೆ ಅನ್ನೋ ಲೆಕ್ಕ. ರೆಪೊ, ಅಂದ್ರೆ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಅಲ್ಪಾವಧಿಗೆ ಸಾಲ ಕೊಡುವ ದರ, ಜುಲೈ ಕೊನೆಗೆ ಶೇ 9 ಆಯ್ತು. ಅಪ್ಪನ ಬಡ್ಡಿ 11.5.

ಆದರೆ ಕಂತು ಬದಲಾಗಲಿಲ್ಲ! ಅದೇ 4,635. ಅಪ್ಪ ಸ್ಟಾಫ್ ರೂಮಲ್ಲಿ ಹೇಳಿಕೊಂಡಿದ್ದರಂತೆ, ಎಲ್ಲರಿಗೂ ಬಡ್ಡಿ ಏರಿಸ್ತಿದಾರೆ, ನಮ್ಮ ಬ್ಯಾಂಕು ಪರವಾಗಿಲ್ಲ ಅಂತ. ಇಂಗ್ಲಿಷಿನಲ್ಲಿ ಒಂದು ಕಾಗದ ಬಂದಿತ್ತು, ‘ಅವಧಿ ಪರಿಷ್ಕರಿಸಲಾಗಿದೆ’ ಅಂತ ನಾಲ್ಕನೇ ಸಾಲಿನಲ್ಲಿ. ಎಷ್ಟು ಅಂತ ಇರಲಿಲ್ಲ. ಅಪ್ಪ ಅದನ್ನೂ ಫೈಲ್‌ಗೆ ಹಾಕಿಟ್ಟಿದ್ದರು.

ಗೊತ್ತಾಗಿದ್ದು 2009ರ ಜುಲೈನಲ್ಲಿ, ತೆರಿಗೆ ಲೆಕ್ಕಕ್ಕೆ ಬಡ್ಡಿ ಸರ್ಟಿಫಿಕೇಟ್ ತರೋಕೆ ಹೋದಾಗ. ಕೌಂಟರ್‌ನಲ್ಲಿದ್ದ ಹುಡುಗ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದು ಕೊಟ್ಟ. ಕಟ್ಟಿದ 4,635ರಲ್ಲಿ ಅಸಲಿಗೆ ಹೋಗಿದ್ದು 470 ರೂಪಾಯಿ ಚಿಲ್ಲರೆ. ಉಳಿದಿದ್ದೆಲ್ಲ ಬಡ್ಡಿಗೆ. ನಾಲ್ಕು ವರ್ಷ ತಪ್ಪದೆ ಕಟ್ಟಿದ ಮೇಲೆ ಉಳಿದಿರಬೇಕಾಗಿದ್ದು 11 ವರ್ಷ. ಪ್ರಿಂಟ್‌ನಲ್ಲಿ ಇದ್ದದ್ದು ಇನ್ನೂ 239 ಕಂತು, ಅಂದ್ರೆ ಹತ್ತಿರ ಹತ್ತಿರ 20 ವರ್ಷ. 2020ಕ್ಕೆ ಮುಗಿಯಬೇಕಾಗಿದ್ದ ಸಾಲ 2029ಕ್ಕೆ ಹೋಗಿ ಕೂತಿತ್ತು, ಅಪ್ಪ ರಿಟೈರ್ ಆಗಿ ಆರು ವರ್ಷ ಆದ ಮೇಲೆ.

ನನಗಾಗ ಹನ್ನೊಂದು ವರ್ಷ. ಅವತ್ತು ರಾತ್ರಿ ಅಪ್ಪ ಊಟದ ತಟ್ಟೆ ಮುಂದೆ ಸುಮ್ಮನೆ ಕೂತಿದ್ದು ನೆನಪಿದೆ. ಅಮ್ಮ ಕೇಳಿದ್ದಕ್ಕೆ, “ಕಂತು ಜಾಸ್ತಿ ಮಾಡಿದ್ರೆ ಬೈದಾದ್ರೂ ಕಟ್ತಿದ್ದೆ. ಹೇಳದೇನೇ ಮಾಡಿದ್ರಲ್ಲ” ಅಂದರು.

ಇದು ಅಪ್ಪ ಒಬ್ಬರ ಕಥೆ ಆಗಿದ್ದರೆ ಇದಕ್ಕೆ ಎಪಿಸೋಡ್ ಮಾಡ್ತಿರಲಿಲ್ಲ. ಆ ವರ್ಷಗಳಲ್ಲಿ ದೇಶದ ತುಂಬ ಫ್ಲೋಟಿಂಗ್ ಸಾಲಗಾರರ ಪಾಡು ಇದೇ. ಅದರಲ್ಲೂ ಹೊಟ್ಟೆ ಉರಿಯೋ ಭಾಗ ಮುಂದಿದೆ. 2008ರ ಕೊನೆಗೆ ಅಮೆರಿಕದಲ್ಲಿ ಬ್ಯಾಂಕುಗಳು ಕುಸಿದವು. ಇಲ್ಲಿ ರಿಸರ್ವ್ ಬ್ಯಾಂಕ್ ರೆಪೊವನ್ನ ಸರಸರ ಇಳಿಸಿತು, 2009ರ ಏಪ್ರಿಲ್‌ಗೆ ಶೇ 4.75. ಅಪ್ಪನ 11.5 ಇಳಿಯಬೇಕಲ್ವಾ? ಇಳಿಯಲಿಲ್ಲ. ಯಾಕೆ ಅಂದ್ರೆ ಬ್ಯಾಂಕು ತನ್ನ ಬಿಪಿಎಲ್‌ಆರ್‌ನ ಮೇಲೇ ಇಟ್ಟುಕೊಂಡು, ಹೊಸದಾಗಿ ಸಾಲ ಕೇಳೋಕೆ ಬಂದವರಿಗೆ ದೊಡ್ಡ ರಿಯಾಯ್ತಿ ಕೊಡ್ತಿತ್ತು. ಅಪ್ಪನ ರಿಯಾಯ್ತಿ 2.75ಕ್ಕೆ ಗಂಟು ಬಿದ್ದಿತ್ತು. 2009ರ ಫೆಬ್ರವರಿಯಲ್ಲಿ ಸ್ಟೇಟ್ ಬ್ಯಾಂಕ್ ಮೊದಲ ವರ್ಷಕ್ಕೆ ಶೇ 8 ಅಂತ ಸ್ಕೀಮ್ ತಂದಿತು, ಬೇರೆಯವರೂ ಹಿಂದೆ ಬಿದ್ದರು. ಒಂದೇ ಊರು, ಎಂಟರ ಬಡ್ಡಿಗೆ ಹೊಸಬರು, ಹನ್ನೊಂದೂವರೆಗೆ ಹಳಬರು. ನಂಬಿ ಉಳಿದವನಿಗೇ ಹೆಚ್ಚು ದಂಡ.

ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸಬಹುದಿತ್ತಲ್ಲ ಅಂತ ಕೇಳ್ತೀರಿ. ಉಳಿದ ಸಾಲದ ಮೇಲೆ ಶೇ 2 ದಂಡ. ಆಮೇಲೆ ಹೊಸ ಬ್ಯಾಂಕಿನ ಪ್ರೊಸೆಸಿಂಗ್ ಫೀ, ವಕೀಲರ ಫೀ, ಕಾಗದಪತ್ರಕ್ಕೆ ಓಡಾಟ. ಅಪ್ಪ ಲೆಕ್ಕ ಹಾಕಿದರು, ಕೈಲಿ ದುಡ್ಡಿರಲಿಲ್ಲ, ಬಿಟ್ಟರು. ಈ ದಂಡ ಹೋಗಿದ್ದು ಆಮೇಲೆ: ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ 2010ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕ್ ನಿರ್ಬಂಧ ಹಾಕಿತು, ಬ್ಯಾಂಕುಗಳ ಫ್ಲೋಟಿಂಗ್ ಮನೆ ಸಾಲಕ್ಕೆ 2012ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್. ಇವತ್ತು ನೀವು ಆ್ಯಪ್‌ನಲ್ಲಿ ಎರಡು ಬೆರಳಲ್ಲಿ ಹತ್ತು ಸಾವಿರ ಜಾಸ್ತಿ ಕಟ್ತೀರಲ್ಲ, ದಂಡ ಇಲ್ಲದೆ, ಅದರ ಹಿಂದೆ ಅಪ್ಪನಂಥ ಎಷ್ಟೋ ಜನರ ದೂರುಗಳಿವೆ.

ಇನ್ನು ದಿನಸಿ. 2009ರ ಡಿಸೆಂಬರ್‌ನಲ್ಲಿ ಆಹಾರ ಪದಾರ್ಥಗಳ ಸಗಟು ಬೆಲೆ ಏರಿಕೆ ಶೇ 20ರ ಹತ್ತಿರ ಬಂದಿತ್ತು. ನಮ್ಮನೆ ಸಾರು ತೆಳ್ಳಗಾಗಿದ್ದು ಆ ವರ್ಷ. ತೊಗರಿ ಬೇಳೆ ಬದಲು ಹುರುಳಿ, ವಾರಕ್ಕೆ ಎರಡು ಸಲ ಬಸ್ಸಾರು. ಹುರುಳಿ ಅಗ್ಗ ಅಂತ ತಂದಿದ್ದು ಅಂತ ನಮಗೆ ಗೊತ್ತಿರಲಿಲ್ಲ, ರುಚಿಗೆ ಅಂತ ತಿಳ್ಕೊಂಡಿದ್ವಿ. ಅಮ್ಮ ಸೀರೆಗೆ ಫಾಲ್, ಜಿಗ್‌ಜಾಗ್ ಹೊಲಿಯೋಕೆ ಶುರು ಮಾಡಿದ್ದೂ ಆಗಲೇ.

ಕೊನೆಗೆ ದಾರಿ ತೆಗೆದಿದ್ದು ಅಮ್ಮನೇ. ಬೀದಿಯ ಹೆಂಗಸರೆಲ್ಲ ಸೇರಿ ಹಾಕ್ತಿದ್ದ ಚೀಟಿ ಎತ್ತಿದಳು, ಅಕ್ಕನಿಗೆ ಬಳೆ ಮಾಡಿಸೋಕೆ ಅಂತ ಇಟ್ಟಿದ್ದ 40 ಸಾವಿರ. ಅದನ್ನ 2009ರ ಆಗಸ್ಟ್‌ನಲ್ಲಿ ಅಸಲಿಗೆ ಕಟ್ಟಿದರು. ಸ್ವಂತ ದುಡ್ಡಿಂದ ಸ್ವಲ್ಪ ಸ್ವಲ್ಪ ಕಟ್ಟಿದರೆ ಆ ಬ್ಯಾಂಕಿನಲ್ಲಿ ದಂಡ ಇರಲಿಲ್ಲ. ಈಗ ನಾನು ಎಕ್ಸೆಲ್‌ನಲ್ಲಿ ಹಾಕಿ ನೋಡಿದೆ. ಬಡ್ಡಿ 11.5ರಲ್ಲೇ ನಿಂತಿದೆ ಅಂತಿಟ್ಟುಕೊಂಡರೆ, ಆ ಒಂದು 40 ಸಾವಿರಕ್ಕೆ 239 ಕಂತು 177ಕ್ಕೆ ಇಳಿಯುತ್ತೆ. 62 ಕಂತು! ಐದು ವರ್ಷದ ಮೇಲೆ. ಕಟ್ಟದೆ ಉಳಿದ ದುಡ್ಡು 2 ಲಕ್ಷ 87 ಸಾವಿರ. ಅಸಲಿಗೆ ಹೋಗ್ತಿದ್ದದ್ದು ತಿಂಗಳಿಗೆ 470 ಮಾತ್ರ ಆಗಿದ್ದರಿಂದ ಅಸಲಿಗೆ ಬಿದ್ದ ಒಂದೊಂದು ಸಾವಿರವೂ ಸರಾಸರಿ ಒಂದೂವರೆ ತಿಂಗಳನ್ನ ನುಂಗಿತು. ಅಮ್ಮನಿಗೆ ತೋರಿಸಿದೆ. “ಅವತ್ತು ಚಿನ್ನ 10 ಗ್ರಾಂಗೆ 15 ಸಾವಿರ ಇತ್ತು, ಈಗ ಲಕ್ಷ ದಾಟಿದೆ. ಬಳೆ ಮಾಡಿಸಿದ್ರೂ ಅಷ್ಟೇ ಆಗಿರೋದು” ಅಂದ್ಲು. ಎಕ್ಸೆಲ್ ಮುಚ್ಚಿದೆ.

ಹೀಗೆ ಎರಡು ವರ್ಷಕ್ಕೊಂದು ಚೀಟಿ, ಅಪ್ಪನ ಮೌಲ್ಯಮಾಪನದ ಭತ್ಯೆ, ಎಲ್ಲ ಸುರಿದು ಸಾಲ ತೀರಿಸಿದ್ದು 2018ರಲ್ಲಿ. ನನ್ನ ಬಿಕಾಂ ರಿಸಲ್ಟ್ ಬಂದ ವರ್ಷ.

ಈ ನಡುವೆ ರಿಸರ್ವ್ ಬ್ಯಾಂಕ್ ಸುಮ್ಮನೆ ಕೂತಿರಲಿಲ್ಲ. ಬಿಪಿಎಲ್‌ಆರ್ ಹೆಸರಿಗೆ ಉತ್ತಮ ಗ್ರಾಹಕನ ಬಡ್ಡಿ, ಆದರೆ ಅರ್ಧಕ್ಕಿಂತ ಹೆಚ್ಚು ಸಾಲ ಅದಕ್ಕಿಂತ ಕಮ್ಮಿ ದರದಲ್ಲೇ ಹೋಗ್ತಿತ್ತು, ಅಂದ ಮೇಲೆ ಅದೆಂಥ ಅಳತೆಗೋಲು? 2010ರ ಜುಲೈ 1ರಿಂದ ಬೇಸ್ ರೇಟ್. ಅದೂ ಸರಿ ಹೋಗದೆ 2016ರ ಏಪ್ರಿಲ್‌ನಿಂದ ಎಂಸಿಎಲ್‌ಆರ್. ಪ್ರತಿ ಸಲವೂ ಒಂದೇ ದೂರು: ರೆಪೊ ಏರಿದಾಗ ಬಡ್ಡಿ ಲಿಫ್ಟ್‌ನಲ್ಲಿ ಏರುತ್ತೆ, ಇಳಿಯುವಾಗ ಮೆಟ್ಟಿಲಲ್ಲಿ ನಿಧಾನ ಇಳಿಯುತ್ತೆ. ಪ್ರತಿ ಸಲವೂ ಹಳೇ ಸಾಲಗಾರ ತಾನಾಗೇ ಹೋಗಿ ಅರ್ಜಿ ಕೊಟ್ಟು, ಫೀ ಕಟ್ಟಿ, ಹೊಸ ಪದ್ಧತಿಗೆ ಬದಲಾಯಿಸಿಕೊಳ್ಳಬೇಕಿತ್ತು. ಗೊತ್ತಿದ್ದವರು ಬದಲಾಯಿಸಿಕೊಂಡರು.

ಕೊನೆಗೆ ಅಳತೆಗೋಲನ್ನ ಬ್ಯಾಂಕಿನ ಕೈಯಿಂದ ಹೊರಗೆ ತೆಗೆದರು. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ ಮನೆ ಸಾಲಗಳು ರೆಪೊದಂಥ ಹೊರಗಿನ ದರಕ್ಕೆ ನೇರ ಜೋಡಣೆ, ಮೂರು ತಿಂಗಳಿಗೆ ಒಮ್ಮೆಯಾದರೂ ಹೊಂದಿಸಲೇಬೇಕು. ನ್ಯಾಯ ಅಂದ್ರೆ ಇದು ಅಂತ ಎಲ್ಲರಿಗೂ ಅನ್ನಿಸಿತು. ನನಗೂ ಅನ್ನಿಸಿತ್ತು. ಕೋವಿಡ್ ಬಂತು, ರೆಪೊ 2020ರ ಮೇ ಹೊತ್ತಿಗೆ ಶೇ 4. ಮನೆ ಸಾಲ ಏಳರ ಕೆಳಗೆ. ಅಪ್ಪನ ಕಾಲದ ಏಳೂವರೆಗಿಂತಲೂ ಅಗ್ಗ.

ಅಕ್ಕ-ಭಾವ ಫ್ಲಾಟ್ ತಗೊಂಡಿದ್ದು 2021ರ ಆಗಸ್ಟ್‌ನಲ್ಲಿ. 40 ಲಕ್ಷ ಸಾಲ, 20 ವರ್ಷ, ಶೇ 6.75. ಕಂತು 30,415. ಬಾಡಿಗೆ 22 ಸಾವಿರ ಕಟ್ತಿದ್ದವರು, ಇನ್ನೊಂದು ಎಂಟು ಹಾಕಿದರೆ ಸ್ವಂತ ಮನೆ ಅನ್ನೋ ಲೆಕ್ಕ. ಅಪ್ಪ ಒಂದೇ ಮಾತು ಕೇಳಿದ್ದರು, ಬಡ್ಡಿ ಏರಿದರೆ ಏನ್ಮಾಡ್ತೀರ ಅಂತ. “ಈಗ ಹಾಗಿಲ್ಲ ಅಪ್ಪ, ರೆಪೊಗೆ ಲಿಂಕ್ ಇದೆ” ಅಂದಿದ್ದು ನಾನು. ಹೌದು, ನಾನೇ.

2022ರ ಮೇ 4, ಬುಧವಾರ. ಎಲ್‌ಐಸಿ ಷೇರು ಮಾರಾಟ ಶುರುವಾದ ದಿನ, ಕಾಮರ್ಸ್ ಓದಿದ ನಾವೆಲ್ಲ ಅದನ್ನೇ ನೋಡ್ತಾ ಕೂತಿದ್ವಿ. ಮಧ್ಯಾಹ್ನ ಎರಡಕ್ಕೆ ಗವರ್ನರ್ ಶಕ್ತಿಕಾಂತ ದಾಸ್ ಮಾತಾಡ್ತಾರಂತೆ ಅಂತ ಸುದ್ದಿ. ಮಾಮೂಲಿ ಸಭೆಯ ದಿನವಲ್ಲ. ರೆಪೊ ಶೇ 4ರಿಂದ 4.40. ಕಾರಣ, ಉಕ್ರೇನ್ ಯುದ್ಧ, ತೈಲ, ಅಡುಗೆ ಎಣ್ಣೆ, ಗೋಧಿ. ಆ ಏಪ್ರಿಲ್‌ನ ಚಿಲ್ಲರೆ ಬೆಲೆ ಏರಿಕೆ ಶೇ 7.79. ಆಮೇಲೆ ಜೂನ್‌ನಲ್ಲಿ 4.90, ಆಗಸ್ಟ್‌ನಲ್ಲಿ 5.40, ಸೆಪ್ಟೆಂಬರ್‌ನಲ್ಲಿ 5.90, ಡಿಸೆಂಬರ್‌ನಲ್ಲಿ 6.25, 2023ರ ಫೆಬ್ರವರಿಯಲ್ಲಿ 6.50. ಒಂಬತ್ತು ತಿಂಗಳಲ್ಲಿ ಎರಡೂವರೆ. ಅಕ್ಕನ ಬಡ್ಡಿ 6.75ರಿಂದ 9.25.

ಲೆಕ್ಕ ಸುಲಭ ಆಗಲಿ ಅಂತ ಏರಿಕೆ ಎಲ್ಲ ಒಂದೇ ಸಲಕ್ಕೆ ಫೆಬ್ರವರಿಯಲ್ಲೇ ಬಂತು ಅಂತಿಟ್ಟುಕೊಳ್ಳಿ. ಆಗ ಬಾಕಿ ಸುಮಾರು 38 ಲಕ್ಷ 50 ಸಾವಿರ. ಒಂದು ತಿಂಗಳ ಬಡ್ಡಿನೇ 29,681. ಅವಳ ಕಂತು 30,415. ಅಸಲಿಗೆ ಎಷ್ಟು ಉಳೀತು? 734 ರೂಪಾಯಿ. ಅಪ್ಪನಿಗೆ ಮಾಡಿದ ಹಾಗೆ ಕಂತು ಮುಟ್ಟದೆ ಅವಧಿ ಮಾತ್ರ ಎಳೆದಿದ್ದರೆ 485 ಕಂತು ಆಗ್ತಿತ್ತು. ನಲವತ್ತು ವರ್ಷ! ಮೂವತ್ತೊಂದರ ಅಕ್ಕ ಎಪ್ಪತ್ತೊಂದಕ್ಕೆ ಋಣಮುಕ್ತಳು. ಅಷ್ಟು ಎಳೆಯೋಕೆ ಬ್ಯಾಂಕಿಗೂ ಧೈರ್ಯ ಇರಲ್ಲ, ಹಾಗಾಗಿ ಕಂತನ್ನೇ 36,277ಕ್ಕೆ ಏರಿಸಿತು. ತಿಂಗಳಿಗೆ 5,860 ಜಾಸ್ತಿ. ಆ ಜುಲೈನಲ್ಲೇ ಟೊಮೆಟೊ ಕಿಲೋಗೆ ನೂರು ದಾಟಿದ್ದು.

ತಾತನ ಸಂಬಳ ಚೀಟಿಯನ್ನ ಅಕ್ಕನ ಸ್ಟೇಟ್‌ಮೆಂಟ್ ಪಕ್ಕ ಇಡಿ ಅಂದಿದ್ದು ಇದಕ್ಕೇ. ತಾತನ ಕಾಲದಲ್ಲಿ ಬೆಲೆ ಏರಿದರೆ ಸಾಲ ಹಗುರ ಆಗ್ತಿತ್ತು. ಅಕ್ಕನ ಕಾಲದಲ್ಲಿ ಬೆಲೆ ಏರಿದ್ದಕ್ಕೇ ಸಾಲ ಭಾರ ಆಗುತ್ತೆ. ಟೊಮೆಟೊ, ಎಣ್ಣೆ, ಹಾಲು ಏರಿತು ಅಂತ ರೆಪೊ ಏರಿಸ್ತಾರೆ, ರೆಪೊ ಏರಿತು ಅಂತ ಕಂತು ಏರುತ್ತೆ. ಎರಡೂ ಒಂದೇ ಬಾಗಿಲಿಂದ, ಒಂದೇ ವರ್ಷ ಮನೆಯೊಳಗೆ ಬರ್ತವೆ. ಏರಿಳಿತದ ಅಪಾಯ ಮೊದಲು ಸಾಲ ಕೊಟ್ಟವನ ಹೆಗಲ ಮೇಲಿತ್ತು, 2000ದ ಆಚೀಚೆ ಅದು ಸಾಲ ತಗೊಂಡವನ ಹೆಗಲಿಗೆ ಬಂತು. ಬಂದಿದ್ದು ಬಡ್ಡಿ ಇಳೀತಿದ್ದ ಖುಷಿಯ ವರ್ಷಗಳಲ್ಲಿ. ಹಾಗಾಗಿ ಯಾರೂ ಭಾರ ಗಮನಿಸಲಿಲ್ಲ.

ಬ್ಯಾಂಕಿನವರ ಮಾತೂ ಹೇಳಬೇಕು. ಅವರ ಹತ್ತಿರ ಇರೋ ಠೇವಣಿ ಒಂದು ವರ್ಷದ್ದು, ಮೂರು ವರ್ಷದ್ದು. ಅದನ್ನ 20 ವರ್ಷಕ್ಕೆ ಒಂದೇ ಬಡ್ಡಿಗೆ ಕೊಟ್ಟು ಕೂತರೆ ಠೇವಣಿ ಬಡ್ಡಿ ಏರಿದ ದಿನ ಅವರೇ ಮುಳುಗ್ತಾರೆ. ಅಮೆರಿಕದಲ್ಲಿ ಇದು ಆಗಿದೆ. ಅಲ್ಲಿನ ಸೇವಿಂಗ್ಸ್ ಅಂಡ್ ಲೋನ್ ಸಂಸ್ಥೆಗಳು ಹಳೇ ಅಗ್ಗದ ನಿಗದಿ ಬಡ್ಡಿಯ ಮನೆ ಸಾಲ ಹಿಡ್ಕೊಂಡು ಕೂತಿದ್ದಾಗ, 1981ರಲ್ಲಿ ಹೊಸ ಮನೆ ಸಾಲದ ಬಡ್ಡಿಯೇ ಶೇ 18 ದಾಟಿತು. ಆ ದಶಕದಲ್ಲಿ ಅಂಥ ನೂರಾರು ಸಂಸ್ಥೆ ಮುಚ್ಚಿಹೋದವು. ಹಾಗಾಗಿ ಫ್ಲೋಟಿಂಗ್ ಅನ್ನೋದೇ ಮೋಸ ಅಂತ ನಾನು ಹೇಳಲ್ಲ. ನನ್ನ ತಕರಾರು ಅಪ್ಪನದ್ದೇ: ಹೇಳದೇ ಮಾಡಿದ್ದು.

ಆ ತಕರಾರು ಅಂತೂ ಅಧಿಕೃತ ಕಾಗದದಲ್ಲಿ ಬಂದಿದ್ದು 2023ರ ಆಗಸ್ಟ್ 18ಕ್ಕೆ. ರಿಸರ್ವ್ ಬ್ಯಾಂಕ್ ಸುತ್ತೋಲೆ: ಬಡ್ಡಿ ಬದಲಾದಾಗ ಸಾಲಗಾರನಿಗೆ ತಿಳಿಸಬೇಕು. ಕಂತು ಏರಿಸಬೇಕಾ, ಅವಧಿ ಹಿಗ್ಗಿಸಬೇಕಾ, ಎರಡೂ ಸ್ವಲ್ಪ ಸ್ವಲ್ಪನಾ ಅಂತ ಆಯ್ಕೆ ಕೊಡಬೇಕು. ಬ್ಯಾಂಕಿನ ನೀತಿ ಪ್ರಕಾರ ನಿಗದಿ ಬಡ್ಡಿಗೆ ಹೋಗುವ ದಾರಿ ಇಡಬೇಕು. ಕಂತು ಆ ತಿಂಗಳ ಬಡ್ಡಿಗೂ ಸಾಲದಂಥ ಸ್ಥಿತಿ ಬರುವಷ್ಟು ಅವಧಿ ಎಳೀಬಾರದು. ಮೂರು ತಿಂಗಳಿಗೊಮ್ಮೆ ಸ್ಟೇಟ್‌ಮೆಂಟ್‌ನಲ್ಲಿ ಎಷ್ಟು ಅಸಲು, ಎಷ್ಟು ಬಡ್ಡಿ, ಇನ್ನೆಷ್ಟು ಕಂತು ಅಂತ ಇರಬೇಕು. ಅಪ್ಪನಿಗೆ ಓದಿ ಹೇಳಿದೆ. ಹದಿನಾಲ್ಕು ವರ್ಷ ತಡ ಆಯ್ತು ಅಂದರು, ಕನ್ನಡಕ ಒರೆಸ್ಕೊಂಡು.

ಈಗ ಅಕ್ಕನ ಪ್ರಶ್ನೆಗೆ ಬರ್ತೀನಿ. ಇಳಿದಾಗ ಕಂತು ಯಾಕೆ ಇಳಿಯಲ್ಲ? ಬಡ್ಡಿ ಇಳಿದಾಗ ಬ್ಯಾಂಕುಗಳು ಸಾಮಾನ್ಯವಾಗಿ ಕಂತು ಹಾಗೇ ಬಿಟ್ಟು ಅವಧಿ ಕಮ್ಮಿ ಮಾಡ್ತಾವೆ. 2025ರಲ್ಲಿ ರೆಪೊ 6.50ರಿಂದ 5.25ಕ್ಕೆ ಬಂತು, ಅವಳ ಬಡ್ಡಿ 9.25ರಿಂದ 8ಕ್ಕೆ. ಆ ಇಳಿಕೆ ಪೂರ್ತಿ ಈಗಿನಿಂದ ಲೆಕ್ಕಕ್ಕೆ ತಗೊಂಡರೆ, ಬಾಕಿ ಸುಮಾರು 35 ಲಕ್ಷ 95 ಸಾವಿರ, 188 ಕಂತು. ಕಂತು ಹಾಗೇ ಇಟ್ಟರೆ 163ಕ್ಕೆ ಮುಗಿಯುತ್ತೆ, 25 ತಿಂಗಳು ಉಳಿತಾಯ, 9 ಲಕ್ಷ ರೂಪಾಯಿ. ಕಂತು ಇಳಿಸಿ ಅಂತ ಬರೆದುಕೊಟ್ಟರೆ 33,603 ಆಗುತ್ತೆ, ತಿಂಗಳಿಗೆ 2,674 ಕೈಗೆ ಬರುತ್ತೆ, ಒಟ್ಟು ಉಳಿತಾಯ 5 ಲಕ್ಷ.

ಕಾಗದದ ಮೇಲೆ ಉತ್ತರ ಸ್ಪಷ್ಟ. ಕಂತು ಮುಟ್ಟಬೇಡ ಅಂದೆ. ಅಕ್ಕ ಸುಮ್ಮನಿದ್ದಳು. ಹಿಂದಿಂದ ಅಮ್ಮ ಫೋನ್ ಇಸ್ಕೊಂಡು, “ಅವಳಿಗೆ ಈಗ ಎರಡೂವರೆ ಸಾವಿರ ಬೇಕಾಗಿದೆ ಕಣೇ. ಎರಡು ಸಾವಿರದ ನಲವತ್ತರಲ್ಲಿ ಉಳಿಯೋ ಒಂಬತ್ತು ಲಕ್ಷದಲ್ಲಿ ಈ ಜೂನ್ ಫೀಸ್ ಕಟ್ಟೋಕಾಗುತ್ತಾ? ಇಳಿಸ್ಕೊಳ್ಳೇ, ಬೋನಸ್ ಬಂದಾಗ ಅಸಲಿಗೆ ಹಾಕು” ಅಂದ್ಲು. ನನ್ನ ಎಕ್ಸೆಲ್‌ನಲ್ಲಿ ಜೂನ್ ತಿಂಗಳಿಗೆ ಕಾಲಂ ಇರಲಿಲ್ಲ, ನಿಜ.

ಸೋಮವಾರ ಅಕ್ಕ ಬ್ಯಾಂಕಿಗೆ ಹೋಗಿ ಅರ್ಜಿ ಕೊಟ್ಟು ಬಂದಳು. ಸಂಜೆ ಸ್ಪೀಕರ್‌ಗೆ ಹಾಕಿ ಎಲ್ಲರಿಗೂ ಹೇಳ್ತಾ ಇದ್ದಳು, ಮುಂದಿನ ತಿಂಗಳಿಂದ 33,603 ಅಂತ. ಪೇಪರ್ ಓದ್ತಿದ್ದ ಅಪ್ಪ ತಲೆ ಎತ್ತದೇನೇ ಕೇಳಿದರು, “ಕೊನೇ ಕಂತು ಯಾವ ತಿಂಗಳು ಅಂತ ಬರೆಸ್ಕೊಂಡ್ಯಾ?”

“ಇಲ್ಲ ಅಪ್ಪ.”

“ನಾಳೆ ಹೋಗಿ ಬರೆಸ್ಕೊಂಡು ಬಾ. ಸೀಲ್ ಹಾಕಿಸ್ಕೋ.”